ವೃಕ್ಷಾಸನದಲ್ಲಿ ನಿಂತ ಕಾಲಿನ ಕೆಲಸ

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ಒಂದು ಆಸನದ ಬಗ್ಗೆ ಮಾತಾಡೋಣ. ವೃಕ್ಷಾಸನ. ಒಂದು ಕಾಲಿನ ಮೇಲೆ ನಿಂತು, ಇನ್ನೊಂದು ಪಾದವನ್ನು ನಿಂತ ಕಾಲಿನ ಒಳತೊಡೆಗೆ ಇಟ್ಟು ಮರದಂತೆ ನಿಲ್ಲುವ ಆಸನ. ಜೂನ್ 21ರ ಯೋಗ ದಿನಕ್ಕೆಂದು ಆಯುಷ್ ಸಚಿವಾಲಯ ಸಿದ್ಧಪಡಿಸಿರುವ ಕಾಮನ್ ಯೋಗ ಪ್ರೋಟೋಕಾಲ್‌ನಲ್ಲಿ ನಿಂತು ಮಾಡುವ ಆಸನಗಳ ಪೈಕಿ ತಾಡಾಸನ ಮುಗಿದ ಕೂಡಲೇ ಬರುವುದು ಇದೇ. ಹಾಗಾಗಿ ಇಲ್ಲಿರುವ ಬಹಳಷ್ಟು ಜನ ಒಮ್ಮೆಯಾದರೂ ಇದನ್ನು ಮಾಡಿರುತ್ತೀರಿ. ಮಾಡಿದವರನ್ನು ಏನು ತೊಂದರೆ ಅಂತ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. ಪಾದ ತೊಡೆಯ ಮೇಲೆ ನಿಲ್ಲುವುದಿಲ್ಲ, ಜಾರಿ ಬರುತ್ತದೆ. ಮಂಡಿ ಪಕ್ಕಕ್ಕೆ ಪೂರ್ತಿ ತೆರೆಯುವುದಿಲ್ಲ. ಎರಡೂ ದೂರು ಎತ್ತಿದ ಕಾಲಿನ ಮೇಲಿನದು. ಆದರೆ ಈ ಆಸನ ಕೈಗೂಡುವುದೂ ಕೆಡುವುದೂ ನೆಲದ ಮೇಲಿರುವ ಕಾಲಿನಲ್ಲಿ. ಆ ಕಾಲು ಏನೇನು ಮಾಡಬೇಕು ಎಂಬುದಕ್ಕೇ ಈ ಹೊತ್ತಿನ ಹೆಚ್ಚಿನ ಪಾಲನ್ನು ಇಟ್ಟುಕೊಂಡಿದ್ದೇವೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಒಂಟಿಗಾಲಿನಲ್ಲಿ ನಿಲ್ಲುವುದು ನಮ್ಮಲ್ಲಿ ಬಹಳ ಹಳೆಯ ತಪಸ್ಸು. ಮಹಾಬಲಿಪುರದ ದೊಡ್ಡ ಬಂಡೆಯ ಉಬ್ಬುಶಿಲ್ಪ ಏಳನೆಯ ಶತಮಾನದ್ದು. ಅದರಲ್ಲಿ ಒಬ್ಬ ತಪಸ್ವಿ ಒಂದು ಕಾಲಿನ ಮೇಲೆ ನಿಂತು ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿದ್ದಾನೆ, ಕೆಳಗೆ ಒಂದು ಬೆಕ್ಕು ಅವನಂತೆಯೇ ನಿಂತಿದೆ. ವೃಕ್ಷಾಸನ ಎಂಬ ಹೆಸರಿನಲ್ಲೇ ವಿವರಣೆ ಸಿಗುವುದು ಹಠಯೋಗದ ಗ್ರಂಥವಾದ ಘೇರಂಡ ಸಂಹಿತೆಯ 32 ಆಸನಗಳ ಪಟ್ಟಿಯಲ್ಲಿ. ಅಲ್ಲಿರುವುದು ಒಂದೇ ಶ್ಲೋಕ: ಬಲಪಾದವನ್ನು ಎಡತೊಡೆಯ ಬುಡದಲ್ಲಿಟ್ಟು ಮರದಂತೆ ನೆಲದ ಮೇಲೆ ನಿಲ್ಲಬೇಕು. ಕೈಗಳನ್ನು ಏನು ಮಾಡಬೇಕೆಂದು ಆ ಶ್ಲೋಕ ಹೇಳುವುದೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಕೈಗಳ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಮೊದಲು ಜಾಗ. ಬರಿಗಾಲಲ್ಲೇ ಮಾಡಬೇಕು. ಸಾಕ್ಸ್ ಹಾಕಿಕೊಂಡು ಬೇಡ, ನೆಲವೂ ಜಾರುತ್ತದೆ, ಪಾದಕ್ಕೆ ನೆಲದ ಸುದ್ದಿಯೂ ಸರಿಯಾಗಿ ತಲುಪುವುದಿಲ್ಲ. ಮ್ಯಾಟ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ: ದಪ್ಪಗಿದ್ದಷ್ಟೂ ಒಳ್ಳೆಯದು ಅಂತ. ಮಲಗಿ ಮಾಡುವ ಆಸನಗಳಿಗೆ ಅದು ಸರಿ. ಒಂಟಿಗಾಲಿನ ಆಸನಕ್ಕೆ 10 ಮಿಲಿಮೀಟರ್ ದಪ್ಪದ ಮೆತ್ತನೆಯ ಮ್ಯಾಟ್ ಪಾದದ ಅಡಿಯಲ್ಲಿ ಕುಸಿದು ನಿಮ್ಮನ್ನು ಅಲ್ಲಾಡಿಸುತ್ತದೆ. 4 ಮಿಲಿಮೀಟರ್ ಸಾಕು. ಮೊಸಾಯಿಕ್ ನೆಲವೋ ರೆಡ್ ಆಕ್ಸೈಡ್ ನೆಲವೋ ಇದ್ದು, ಒದ್ದೆಯಿಲ್ಲದಿದ್ದರೆ ಮ್ಯಾಟೇ ಬೇಡ. ಜಮಖಾನೆ ಮಾತ್ರ ನುಣುಪು ನೆಲದ ಮೇಲೆ ಸರಿಯುತ್ತದೆ, ಬೇಡ. ಬಟ್ಟೆಯ ವಿಷಯವೂ ಇಲ್ಲೇ ಹೇಳಿಬಿಡಬೇಕು. ಪಾದ ಜಾರುತ್ತದೆ ಎನ್ನುವವರಲ್ಲಿ ಬಹಳಷ್ಟು ಜನ ಪಾಲಿಯೆಸ್ಟರ್ ಪ್ಯಾಂಟ್ ಅಥವಾ ನುಣುಪಾದ ಲೆಗಿಂಗ್ಸ್ ಹಾಕಿರುತ್ತಾರೆ. ಹತ್ತಿಯ ಬಟ್ಟೆ ಹಾಕಿಕೊಂಡರೆ, ಇಲ್ಲವೇ ಮಂಡಿಯ ಮೇಲಿನವರೆಗೆ ಮಡಚಿಕೊಂಡು ಅಂಗಾಲನ್ನು ಚರ್ಮಕ್ಕೇ ತಾಗಿಸಿದರೆ, ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಗೋಡೆಯೊಂದು ಕೈಗೆಟುಕುವಷ್ಟು ಹತ್ತಿರ ಇರಲಿ.

ಈಗ ಎಲ್ಲರೂ ಎದ್ದು ನಿಲ್ಲಿ. ಚಪ್ಪಲಿ ಬಿಟ್ಟುಬಿಡಿ. ಎರಡು ಪಾದಗಳ ನಡುವೆ ನಾಲ್ಕು ಬೆರಳಿನಷ್ಟು ಜಾಗ ಇರಲಿ. ಹೆಚ್ಚು ಅಗಲಿಸಿ ನಿಂತರೆ ಒಂದು ಕಾಲಿನ ಮೇಲೆ ಬರಲು ದೇಹ ಅಷ್ಟು ದೂರ ಸರಿಯಬೇಕಾಗುತ್ತದೆ, ಆ ಸರಿಯುವ ವೇಗದಲ್ಲೇ ಹೊರಗಡೆಗೆ ಬೀಳುತ್ತೀರಿ. ಕಾಲೆತ್ತಿದ ತಕ್ಷಣ ತಪ್ಪಿ ಬೀಳುವವರ ಕಥೆ ಸಾಮಾನ್ಯವಾಗಿ ಇದೇ: ಭಾರ ಇನ್ನೂ ನಡುವೆ ಇರುವಾಗಲೇ ಕಾಲನ್ನು ಕಿತ್ತಿರುತ್ತಾರೆ.

ಎಡಗಾಲಿನ ಮೇಲೆ ನಿಲ್ಲೋಣ. ಬಲಗಾಲನ್ನು ಎತ್ತಬೇಡಿ. ಭಾರವನ್ನು ನಿಧಾನವಾಗಿ ಎಡಕ್ಕೆ ಸಾಗಿಸಿ. ಸೊಂಟ, ಎದೆ, ತಲೆ ಮೂರೂ ಒಟ್ಟಿಗೆ ಸರಿಯಲಿ. ಎಷ್ಟು ಸರಿಯಬೇಕು? ಬಲ ಅಂಗಾಲಿನ ಕೆಳಗೆ ಒಂದು ಹಾಳೆ ಕಾಗದ ಇದೆ ಅಂದುಕೊಳ್ಳಿ. ಯಾರಾದರೂ ಅದನ್ನು ಎಳೆದರೆ ಹರಿಯದೆ ಈಚೆ ಬರಬೇಕು, ನಿಮ್ಮ ಬಲ ಪಾದ ಮಾತ್ರ ನೆಲ ಬಿಟ್ಟಿರಬಾರದು. ಮನೆಯಲ್ಲಿ ನಿಜವಾಗಿಯೂ ಹಳೆಯ ಪತ್ರಿಕೆಯ ತುಂಡೊಂದನ್ನು ಇಟ್ಟು ಮನೆಯವರಿಂದ ಎಳೆಸಿ ನೋಡಿ. ಕಾಗದ ಹರಿದರೆ ಭಾರ ಇನ್ನೂ ಅಲ್ಲೇ ಇದೆ. ಸಲೀಸಾಗಿ ಬಂದರೆ ಕಾಲೆತ್ತಲು ನೀವು ಸಿದ್ಧ. ಮೊದಲ ಎರಡು ಮೂರು ದಿನ ಇಷ್ಟನ್ನೇ ಎಡಕ್ಕೂ ಬಲಕ್ಕೂ ಹತ್ತತ್ತು ಸಲ ಮಾಡಿದರೂ ಅದು ವೃಕ್ಷಾಸನದ ಅಭ್ಯಾಸವೇ.

ಇನ್ನು ಪಾದಕ್ಕೆ ಬರೋಣ. ಒಂದು ಪಾದದಲ್ಲಿ 26 ಮೂಳೆಗಳಿವೆ. ಭಾರ ಮುಖ್ಯವಾಗಿ ಮೂರು ಕಡೆ ಕೂರಬೇಕು: ಹೆಬ್ಬೆರಳಿನ ಬುಡದ ದಿಂಬು, ಕಿರುಬೆರಳಿನ ಬುಡ, ಹಿಮ್ಮಡಿಯ ನಡುಭಾಗ. ಬೆರಳುಗಳನ್ನೆಲ್ಲ ಒಮ್ಮೆ ಮೇಲಕ್ಕೆತ್ತಿ. ಆಗ ಈ ಮೂರು ಜಾಗಗಳು ನೆಲಕ್ಕೆ ಒತ್ತುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ, ಪಾದದ ಒಳಬದಿಯ ಕಮಾನು ಮೇಲೇಳುವುದೂ ಗೊತ್ತಾಗುತ್ತದೆ. ಈಗ ಆ ಕಮಾನು ಬೀಳದಂತೆ ಬೆರಳುಗಳನ್ನು ಅಗಲಿಸಿ ಒಂದೊಂದಾಗಿ ಕೆಳಗಿಡಿ. ಎಲ್ಲರ ಕೈಲಿ ತಪ್ಪಿಹೋಗುವುದು ಹೆಬ್ಬೆರಳಿನ ಬುಡ. ಕಾಲೆತ್ತಿದ ಮೇಲೆ ಭಾರ ಪಾದದ ಹೊರಅಂಚಿಗೆ ಓಡುತ್ತದೆ, ಹೆಬ್ಬೆರಳಿನ ಬುಡ ನೆಲದಿಂದ ಏಳುತ್ತದೆ. ಪಾದ ಉಳುಕುವುದೂ ಹೆಚ್ಚಾಗಿ ಇದೇ ದಿಕ್ಕಿಗೆ ಹೊರಳಿ. ಹಾಗಾಗಿ ಆಸನದಲ್ಲಿರುವಷ್ಟು ಹೊತ್ತೂ ಗಮನ ಮರಳಿ ಮರಳಿ ಹೆಬ್ಬೆರಳಿನ ಬುಡಕ್ಕೆ ಬರಬೇಕು.

ಬೆರಳಿನಿಂದ ನೆಲವನ್ನು ಗಟ್ಟಿಯಾಗಿ ಹಿಡಿಯುವುದು ಇನ್ನೊಂದು ತಪ್ಪು. ಬೆರಳಿನ ಗೆಣ್ಣುಗಳು ಬೆಳ್ಳಗಾಗಿ ಮೇಲೆದ್ದಿದ್ದರೆ ಹಿಡಿದಿದ್ದೀರಿ ಅಂತಲೇ ಲೆಕ್ಕ. ಭಾರ ತೀರಾ ಮುಂದಕ್ಕೆ ಬಂದಾಗ, ಅಥವಾ ಬೀಳುವ ಹೆದರಿಕೆಗೆ ಹೀಗಾಗುತ್ತದೆ. ಅಂಗಾಲಿನಲ್ಲಿ ಸೆಳೆತ ಬರುವುದಕ್ಕೆ ಇದೇ ದಾರಿ. ಸೆಳೆತ ಬಂದರೆ ಆಸನ ಬಿಟ್ಟು ಕೂತು, ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು ಹಿಡಿಯಿರಿ. ಮತ್ತೆ ನಿಂತಾಗ ಹಿಮ್ಮಡಿಗೆ ಸ್ವಲ್ಪ ಹೆಚ್ಚು ಭಾರ ಕೊಡಿ.

ಈಗ ನಿಮ್ಮ ಪಕ್ಕದವರ ಪಾದ ನೋಡಿ. ಅವರು ಒಂದು ಕಾಲಿನ ಮೇಲೆ ನಿಲ್ಲಲಿ, ನೀವು ಬಗ್ಗಿ ಅವರ ಪಾದದ ಕೀಲಿನ ಮುಂಭಾಗವನ್ನು ಗಮನಿಸಿ. ಚರ್ಮದ ಕೆಳಗಿನ ಸ್ನಾಯುರಜ್ಜುಗಳು ಒಂದಾದ ಮೇಲೊಂದು ಎದ್ದು ಇಳಿಯುತ್ತಿರುತ್ತವೆ, ಕ್ಷಣವೂ ಬಿಡುವಿಲ್ಲ. ದೇಹ ಹೊರಕ್ಕೆ ವಾಲಿದರೆ ಒತ್ತಡ ಕಿರುಬೆರಳಿನ ಬದಿಗೆ, ಒಳಕ್ಕೆ ವಾಲಿದರೆ ಹೆಬ್ಬೆರಳಿನ ಬದಿಗೆ. ಅಂಗಾಲಿನ ಅತಿ ಅಗಲದ ಜಾಗವೇ ಸುಮಾರು 10 ಸೆಂಟಿಮೀಟರ್, ಹಿಮ್ಮಡಿ ಅದಕ್ಕಿಂತ ಕಿರಿದು. ಇಡೀ ದೇಹದ ಭಾರ ಆ ಕಿರಿದಾದ ಜಾಗದ ಮೇಲೇ ಬೀಳುತ್ತಿರಬೇಕು. ಅದಕ್ಕೇ ಮುಂದೆ ಹಿಂದೆ ಬೀಳುವುದಕ್ಕಿಂತ ಪಕ್ಕಕ್ಕೆ ಬೀಳುವುದು ಸುಲಭ. ಈ ಅಲುಗಾಟವನ್ನು ಕಂಡು ತುಂಬ ಜನ ನಾಚಿಕೊಳ್ಳುತ್ತಾರೆ, ಅಲುಗದೆ ನಿಲ್ಲಬೇಕೆಂದು ಇಡೀ ಕಾಲನ್ನು ಬಿಗಿಹಿಡಿಯುತ್ತಾರೆ. ಬಿಗಿದ ಪಾದಕ್ಕೆ ತಿದ್ದಿಕೊಳ್ಳಲು ಆಗುವುದಿಲ್ಲ, ಹಾಗಾಗಿ ಅವರು ಅಲುಗುವುದಿಲ್ಲ, ನೇರವಾಗಿ ಬೀಳುತ್ತಾರೆ. ವರ್ಷಗಟ್ಟಲೆ ಅಭ್ಯಾಸ ಮಾಡಿದವರ ಪಾದವೂ ಅಲುಗುತ್ತಲೇ ಇರುತ್ತದೆ. ಅವರಲ್ಲಿ ಆ ಅಲುಗಾಟ ಸಣ್ಣದಾಗಿರುತ್ತದೆ, ಪಾದದಲ್ಲೇ ಮುಗಿಯುತ್ತದೆ, ಭುಜದವರೆಗೆ ಏರುವುದಿಲ್ಲ.

ಮಂಡಿ. ನಿಂತ ಕಾಲಿನ ಮಂಡಿಚಿಪ್ಪು ಎರಡನೆಯ ಬೆರಳಿನ ದಿಕ್ಕಿಗೆ ನೋಡುತ್ತಿರಬೇಕು. ಒಳಕ್ಕೆ ತಿರುಗಿದ್ದರೆ ಪಾದದ ಕಮಾನು ಕುಸಿದಿದೆ ಎಂದೇ ತಿಳಿಯಿರಿ. ಕಾಲು ನೇರವಿರಲಿ ಅಂದಾಗ ಕೆಲವರು ಮಂಡಿಯನ್ನು ಹಿಂದಕ್ಕೆ ದೂಡಿ ಲಾಕ್ ಮಾಡುತ್ತಾರೆ. ಕೀಲು ಸಡಿಲವಿರುವ ಹುಡುಗಿಯರಲ್ಲಿ ಇದು ಹೆಚ್ಚು. ಹಾಗೆ ಮಾಡಿದರೆ ಭಾರ ಮಂಡಿಯ ಹಿಂದಿನ ಅಸ್ಥಿಬಂಧಗಳ, ಅಂದರೆ ಮೂಳೆಗೆ ಮೂಳೆಯನ್ನು ಕಟ್ಟಿಹಿಡಿಯುವ ಪಟ್ಟಿಗಳ ಮೇಲೆ ಬೀಳುತ್ತದೆ, ತೊಡೆಯ ಸ್ನಾಯು ಕೆಲಸ ಬಿಟ್ಟುಬಿಡುತ್ತದೆ. ಮಂಡಿಯನ್ನು ಕಣ್ಣಿಗೆ ಕಾಣದಷ್ಟು ಸಡಿಲಿಸಿ, ಆಮೇಲೆ ತೊಡೆಯ ಮುಂಭಾಗವನ್ನು ಬಿಗಿದು ಮಂಡಿಚಿಪ್ಪನ್ನು ಮೇಲಕ್ಕೆ ಸೆಳೆಯಿರಿ.

ಈಗ ಸೊಂಟ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕಣ್ಣಿಗೆ ಕಾಣುವ ತಪ್ಪುಗಳಲ್ಲಿ ಅರ್ಧದಷ್ಟು ಇಲ್ಲಿಂದಲೇ ಹುಟ್ಟುತ್ತವೆ. ಎಡಗೈ ಬೆರಳುಗಳನ್ನು ಎಡ ಸೊಂಟದ ಪಕ್ಕದಲ್ಲಿಡಿ. ಸೊಂಟದ ಎಲುಬಿನ ಅಂಚು ಸಿಗುತ್ತದೆ. ಅದರಿಂದ ಮೂರು ಬೆರಳು ಕೆಳಗೆ, ಪ್ಯಾಂಟಿನ ಪಕ್ಕದ ಜೇಬಿನ ಬಾಯಿ ಇರುವ ಜಾಗದಲ್ಲಿ ಒತ್ತಿ ಹಿಡಿಯಿರಿ. ಎರಡು ಕಾಲಿನ ಮೇಲೆ ನಿಂತಾಗ ಅಲ್ಲಿ ಮೆತ್ತಗಿರುತ್ತದೆ. ಈಗ ಬಲಗಾಲನ್ನು ಒಂದಿಂಚು ಎತ್ತಿ. ಬೆರಳಿನ ಕೆಳಗೆ ಗಟ್ಟಿಯಾಯಿತಲ್ಲ, ಅದೇ ಗ್ಲೂಟಿಯಸ್ ಮೀಡಿಯಸ್ ಎಂಬ ಸ್ನಾಯು. ಒಂಟಿಗಾಲಿನ ಮೇಲೆ ನಿಂತಾಗ ಸೊಂಟವನ್ನು ಮಟ್ಟವಾಗಿ ಹಿಡಿಯುವ ಕೆಲಸ ಮುಖ್ಯವಾಗಿ ಇದರದ್ದು.

ಎಷ್ಟು ಕೆಲಸ ಎಂಬುದಕ್ಕೆ ಒಂದು ಸ್ಥೂಲ ಲೆಕ್ಕ ಹೇಳುತ್ತೇನೆ. ಸೊಂಟದ ಕೀಲನ್ನು ತಕ್ಕಡಿಯ ಮುಳ್ಳು ಎಂದುಕೊಳ್ಳಿ. 60 ಕಿಲೋ ತೂಕದವರಲ್ಲಿ ನಿಂತ ಕಾಲಿನ ತೂಕ ಸುಮಾರು 10 ಕಿಲೋ ಕಳೆದರೆ, ಉಳಿದ 50 ಕಿಲೋ ಆ ಕೀಲಿನ ಒಳಬದಿಯಲ್ಲಿ, ಸುಮಾರು 10 ಸೆಂಟಿಮೀಟರ್ ದೂರದಲ್ಲಿ ಕೆಳಕ್ಕೆ ಎಳೆಯುತ್ತಿರುತ್ತದೆ. ಹೊರಬದಿಯಲ್ಲಿ ಅದನ್ನು ಸರಿದೂಗಿಸುವ ಸ್ನಾಯು ಕೀಲಿನಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಷ್ಟೇ ಇದೆ. ದೂರ ಅರ್ಧವಾದ್ದರಿಂದ ಅದು ಎರಡರಷ್ಟು ಬಲದಿಂದ, ಅಂದರೆ 100 ಕಿಲೋ ತೂಕಕ್ಕೆ ಸಮನಾಗಿ ಎಳೆಯಬೇಕು. ಎರಡೂ ಸೇರಿ ಕೀಲಿನ ಮೇಲೆ 150 ಕಿಲೋ, ನಿಮ್ಮ ತೂಕದ ಎರಡೂವರೆ ಪಟ್ಟು. ಸುಮ್ಮನೆ ನಿಂತಂತೆ ಕಾಣುವ ಆಸನದಲ್ಲಿ ಕಾಲು ನಡುಗುವುದು ಯಾಕೆಂದು ಈಗ ಅರ್ಥವಾಗಿರಬೇಕು.

ಈ ಸ್ನಾಯು ದುರ್ಬಲವಾಗಿದ್ದರೆ ಎತ್ತಿದ ಕಾಲಿನ ಬದಿಯ ಸೊಂಟ ಕೆಳಕ್ಕೆ ಜೋಲುತ್ತದೆ. ಜರ್ಮನಿಯ ಶಸ್ತ್ರವೈದ್ಯ ಫ್ರೆಡ್ರಿಕ್ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದ ಈ ಲಕ್ಷಣವನ್ನು ಇವತ್ತಿಗೂ ಮೂಳೆವೈದ್ಯರು ರೋಗಿಯನ್ನು ಒಂಟಿಗಾಲಿನಲ್ಲಿ ನಿಲ್ಲಿಸಿಯೇ ನೋಡುತ್ತಾರೆ. ಆಸನ ಮಾಡುವಾಗ ಜೋಲುವುದಕ್ಕಿಂತ ಹೆಚ್ಚಾಗಿ ಕಾಣುವುದು ಇನ್ನೊಂದು ಉಪಾಯ: ನಿಂತ ಕಾಲಿನ ಸೊಂಟವನ್ನು ಹೊರಕ್ಕೆ ತಳ್ಳಿ ಅದರ ಮೇಲೆ ನೇತುಬೀಳುವುದು. ಬಸ್‌ಸ್ಟಾಪಿನಲ್ಲಿ ತುಂಬ ಹೊತ್ತು ಕಾದವರು ನಿಲ್ಲುತ್ತಾರಲ್ಲ, ಹಾಗೆ. ಅಥವಾ ಎದೆಯನ್ನೇ ನಿಂತ ಕಾಲಿನ ಕಡೆಗೆ ಬಾಗಿಸುತ್ತಾರೆ. ಭಾರ ಕೀಲಿಗೆ ಹತ್ತಿರ ಬಂದಷ್ಟೂ ಸ್ನಾಯುವಿಗೆ ಕೆಲಸ ಕಡಿಮೆಯಾಗುವುದರಿಂದ ದೇಹ ತಾನಾಗಿಯೇ ಈ ದಾರಿ ಹಿಡಿಯುತ್ತದೆ. ತಿದ್ದುವುದು ಹೀಗೆ: ಎರಡೂ ಕೈಗಳ ತೋರುಬೆರಳನ್ನು ಸೊಂಟದ ಮುಂಭಾಗದಲ್ಲಿ ಚಾಚಿರುವ ಎಲುಬಿನ ತುದಿಗಳ ಮೇಲಿಡಿ. ಕನ್ನಡಿಯಲ್ಲಿ ಎರಡು ಬೆರಳೂ ಒಂದೇ ಎತ್ತರದಲ್ಲಿ ಕಾಣಬೇಕು. ನಿಂತ ಕಾಲಿನ ಹೊರತೊಡೆಯನ್ನು ನಡುಗೆರೆಯ ಕಡೆಗೆ ಒತ್ತಿ, ಪಾದದಿಂದ ನೆಲವನ್ನು ಕೆಳಕ್ಕೆ ದೂಡಿ. ಎತ್ತರ ಸ್ವಲ್ಪ ಹೆಚ್ಚಿದಂತೆ ಅನ್ನಿಸಿದರೆ ಸರಿಯಾಗಿದೆ.

ಇಷ್ಟಾದ ಮೇಲೆ ಎತ್ತಿದ ಕಾಲು. ಮೂರು ಮಟ್ಟಗಳಿವೆ. ಒಂದು, ಹಿಮ್ಮಡಿಯನ್ನು ನಿಂತ ಕಾಲಿನ ಹರಡಿಗೆ ಒರಗಿಸಿ ಬೆರಳತುದಿಯನ್ನು ನೆಲದಲ್ಲೇ ಇಡುವುದು. ಎರಡು, ಅಂಗಾಲನ್ನು ಮೀನಖಂಡದ ಒಳಬದಿಗೆ ಇಡುವುದು. ಮೂರು, ಪಾದವನ್ನು ಕೈಯಿಂದ ಹಿಡಿದು ಒಳತೊಡೆಯ ಬುಡಕ್ಕೆ ತಂದು, ಹಿಮ್ಮಡಿ ತೊಡೆಸಂದಿಗೆ, ಬೆರಳುಗಳು ನೆಲದ ಕಡೆಗೆ ಇರುವಂತೆ ಇಡುವುದು. ಎರಡಕ್ಕೂ ಮೂರಕ್ಕೂ ನಡುವೆ ಇರುವ ಮಂಡಿಯ ಪಕ್ಕಕ್ಕೆ ಮಾತ್ರ ಪಾದ ಒತ್ತಬಾರದು. ಮಂಡಿ ಮುಖ್ಯವಾಗಿ ಮಡಚಿ ಬಿಡಿಸುವ ಕೀಲು, ಪಕ್ಕದಿಂದ ಒತ್ತಡ ಬಿದ್ದರೆ ತಡೆಯುವುದಕ್ಕೆ ಅಸ್ಥಿಬಂಧಗಳ ಹೊರತು ಅಲ್ಲಿ ಬೇರೆ ಬಲವಾದ ಆಸರೆ ಇಲ್ಲ. ಪಾದ ತೊಡೆಯಿಂದ ಜಾರಿ ಮಂಡಿಗೆ ಬಂದು ನಿಂತರೆ ಅಲ್ಲೇ ಬಿಡಬೇಡಿ. ಮೇಲಕ್ಕೆ ಸರಿಸಿ, ಇಲ್ಲವೇ ಮೀನಖಂಡಕ್ಕೆ ಇಳಿಸಿ. ಎರಡನೆಯ ಮಟ್ಟ ಕೀಳು, ಮೂರನೆಯದು ಮೇಲು ಎಂಬ ಭಾವನೆ ಬೇಡ. ನಿಂತ ಕಾಲಿನ ಕೆಲಸ ಮೂರರಲ್ಲೂ ಒಂದೇ.

ಪಾದ ತೊಡೆಗೆ ಅಂಟಿ ನಿಲ್ಲಬೇಕಾದರೆ ಪಾದ ಮಾತ್ರ ಒತ್ತಿದರೆ ಸಾಲದು. ಹಾಗೆ ಒತ್ತಿದರೆ ಸೊಂಟ ಹೊರಕ್ಕೆ ಹೋಗುತ್ತದೆ ಅಷ್ಟೆ. ಅಂಗಾಲು ತೊಡೆಯನ್ನು ಒತ್ತುವಷ್ಟೇ ಬಲದಿಂದ ತೊಡೆಯೂ ಅಂಗಾಲನ್ನು ಎದುರಿಗೆ ಒತ್ತಬೇಕು. ಎರಡೂ ಒತ್ತಡ ಸಮವಾದಾಗ ಕಾಲು ಜಾರುವುದು ನಿಲ್ಲುತ್ತದೆ, ಜೊತೆಗೆ ಇಡೀ ಸೊಂಟ ಗಟ್ಟಿಯಾಗುತ್ತದೆ. ಇನ್ನು ಮಂಡಿ ಪಕ್ಕಕ್ಕೆ ಎಷ್ಟು ತೆರೆಯಬೇಕು ಎಂಬ ಪ್ರಶ್ನೆ. ಸೊಂಟದ ಎರಡು ತುದಿಗಳೂ ಮುಂದಕ್ಕೇ ನೋಡುತ್ತಿರುವವರೆಗೆ ಎಷ್ಟು ತೆರೆಯುತ್ತದೋ ಅಷ್ಟು. ಕೆಲವರಿಗೆ ಅರ್ಧದಷ್ಟು ಮಾತ್ರ ತೆರೆಯುತ್ತದೆ, ಅವರ ಸೊಂಟದ ಕೀಲಿನ ಆಕಾರವೇ ಹಾಗಿರಬಹುದು. ಫೋಟೋದಲ್ಲಿರುವಂತೆ ಕಾಣಲೆಂದು ಮಂಡಿಯನ್ನು ಹಿಂದಕ್ಕೆ ಎಳೆದರೆ ಸೊಂಟವೇ ಆ ಕಡೆಗೆ ತಿರುಗುತ್ತದೆ, ಕೆಳಬೆನ್ನು ತಿರುಚುತ್ತದೆ, ನಿಂತ ಕಾಲಿನ ಮಂಡಿಯೂ ಅದರ ಹಿಂದೆ ಹೋಗುತ್ತದೆ.

ದೃಷ್ಟಿ. ಸಮತೋಲಕ್ಕೆ ಮಿದುಳು ಮೂರು ಕಡೆಯಿಂದ ಸುದ್ದಿ ತರಿಸಿಕೊಳ್ಳುತ್ತದೆ: ಕಣ್ಣು, ಒಳಕಿವಿ, ಮತ್ತೆ ಪಾದ, ಕೀಲು, ಸ್ನಾಯುಗಳಲ್ಲಿರುವ ಸಂವೇದಕಗಳು. ಕಣ್ಣನ್ನು ಒಂದು ಕಡೆ ನೆಡುವುದು ಎಲ್ಲರಿಗೂ ಗೊತ್ತು. ಎಲ್ಲಿ ನೆಡಬೇಕು ಎಂಬುದನ್ನು ಹೇಳುವವರು ಕಡಿಮೆ. ಎದುರಿಗೆ, ಕಣ್ಣಿನ ಮಟ್ಟದಲ್ಲಿ, ಎರಡು ಮೂರು ಮೀಟರ್ ದೂರದಲ್ಲಿರುವ ಅಲುಗದ ಬಿಂದು ಒಳ್ಳೆಯದು. ಮೈದಾನದಲ್ಲಿ ದೂರದ ಗುಡ್ಡವನ್ನೋ ಕಟ್ಟಡವನ್ನೋ ನೋಡಿದರೆ ಅಷ್ಟು ಸಹಾಯವಾಗುವುದಿಲ್ಲ. ನೀವು ಒಂದು ಸೆಂಟಿಮೀಟರ್ ವಾಲಿದಾಗ ಹತ್ತಿರದ ವಸ್ತುವಿನ ಬಿಂಬ ಕಣ್ಣಿನಲ್ಲಿ ಹೆಚ್ಚು ಸರಿಯುತ್ತದೆ, ದೂರದ್ದು ಸರಿದಂತೆಯೇ ಗೊತ್ತಾಗುವುದಿಲ್ಲ. ಫ್ಯಾನು, ಪರದೆ, ಎದುರು ನಿಂತ ಮನುಷ್ಯ ಯಾವುದೂ ಬೇಡ. ತರಗತಿಯಲ್ಲಿ ಮುಂದಿನ ಸಾಲಿನವರು ವಾಲಿದಾಗ ಹಿಂದಿನವರೂ ಸಾಲಾಗಿ ಕಾಲು ಕೆಳಗಿಡುವುದು ಇದೇ ಕಾರಣಕ್ಕೆ. ನೆಲ ನೋಡಿದರೆ ತಲೆ ಮುಂದಕ್ಕೆ ಬಂದು ಭಾರವೂ ಮುಂದಕ್ಕೆ ಬರುತ್ತದೆ. ಪ್ರೋಗ್ರೆಸಿವ್ ಕನ್ನಡಕ ಹಾಕುವವರಿಗಂತೂ ಅದರ ಕೆಳಭಾಗದಲ್ಲಿ ನೆಲ ಮಸುಕಾಗಿ ಕಾಣುವುದರಿಂದ ತೊಂದರೆ ಇಮ್ಮಡಿ.

ಕೈಗಳು. ಮೊದಲು ಸೊಂಟದ ಮೇಲೆ, ಆಮೇಲೆ ಎದೆಯ ಮುಂದೆ ನಮಸ್ಕಾರ, ಕೊನೆಗೆ ತಲೆಯ ಮೇಲೆ. ಕೈ ಮೇಲೆತ್ತಿದರೆ ದೇಹದ ಗುರುತ್ವಕೇಂದ್ರ ಮೇಲೇರಿ ನಿಲ್ಲುವುದು ಕಷ್ಟವಾಗುತ್ತದೆ. ಭುಜ ಬಿಗಿಯಿರುವವರು ಅಂಗೈಗಳನ್ನು ಜೋಡಿಸಲು ಹೋಗಿ ಪಕ್ಕೆಲುಬುಗಳನ್ನು ಮುಂದಕ್ಕೆ ಉಬ್ಬಿಸುತ್ತಾರೆ, ಕೆಳಬೆನ್ನು ಒಳಕ್ಕೆ ಬಾಗುತ್ತದೆ, ಭಾರ ಹಿಮ್ಮಡಿಗೆ ಹೋಗಿ ಹಿಂದಕ್ಕೆ ಬೀಳುತ್ತಾರೆ. ಅಂಥವರು ಕೈಗಳನ್ನು ಭುಜದಷ್ಟು ಅಗಲಕ್ಕೆ ಬಿಟ್ಟು ಎತ್ತಲಿ. ಅದೂ ಆಗದಿದ್ದರೆ ನಮಸ್ಕಾರದಲ್ಲೇ ಇರಲಿ. ಶ್ಲೋಕದಲ್ಲಿ ಕೈಗಳ ಮಾತೇ ಇರಲಿಲ್ಲ ಎಂಬುದು ಅವರಿಗೆ ಧೈರ್ಯ ಕೊಡಬೇಕು.

ಉಸಿರು ಸಹಜವಾಗಿ ಮೂಗಿನಲ್ಲಿ ನಡೆಯುತ್ತಿರಲಿ. ಕಾಲೆತ್ತುವ ಕ್ಷಣದಲ್ಲಿ ಉಸಿರು ಹಿಡಿಯುವ ಅಭ್ಯಾಸ ಬಹುತೇಕ ಎಲ್ಲರಿಗೂ ಇದೆ, ಅದನ್ನು ಬಿಡಿಸಲು ಕಾಲೆತ್ತುವಾಗ ಉಸಿರು ಬಿಡುತ್ತಾ ಎತ್ತಿ. ಗಡಿಯಾರ ನೋಡುವುದಕ್ಕಿಂತ ಉಸಿರು ಎಣಿಸುವುದು ಒಳ್ಳೆಯದು. ಹೊಸಬರಿಗೆ ಒಂದೊಂದು ಕಡೆ ಮೂರು ಉಸಿರು, ಕೆಲವು ವಾರ ಕಳೆದ ಮೇಲೆ ಐದರಿಂದ ಎಂಟು. ಇದು ಸುಮಾರು 20ರಿಂದ 30 ಸೆಕೆಂಡು ಆಗುತ್ತದೆ. ಮೂರು ಉಸಿರಿನ ನಂತರ ಸೊಂಟ ಜಾರಿದರೆ ಅಲ್ಲಿಗೇ ನಿಲ್ಲಿಸಿ. ಸುಸ್ತಾದ ಸ್ನಾಯುವಿನ ಮೇಲೆ ಇನ್ನೂ ಹತ್ತು ಸೆಕೆಂಡು ನಿಂತರೆ ದೇಹಕ್ಕೆ ರೂಢಿಯಾಗುವುದು ಆ ಜಾರಿದ ಭಂಗಿಯೇ.

ಇಳಿಯುವುದನ್ನು ಯಾರೂ ಅಭ್ಯಾಸ ಮಾಡುವುದಿಲ್ಲ. ಕೈ ಇಳಿಸಿ, ಮಂಡಿಯನ್ನು ಮುಂದಕ್ಕೆ ತನ್ನಿ, ಒಂದು ಉಸಿರಿನಷ್ಟು ಹೊತ್ತು ಕಾಲನ್ನು ಅಲ್ಲೇ ನಿಲ್ಲಿಸಿ, ಆಮೇಲೆ ಪಾದವನ್ನು ಸದ್ದಾಗದಂತೆ ಇಡಿ. ಧಪ್ಪೆಂದು ಬಿದ್ದರೆ ನಿಂತ ಕಾಲು ಮೊದಲೇ ಕೈಬಿಟ್ಟಿತ್ತು ಎಂದರ್ಥ. ಬೀಳುವ ಹಾಗಾದರೆ ಎತ್ತಿದ ಪಾದವನ್ನು ನೇರವಾಗಿ ಕೆಳಗಿಡಿ, ಕುಂಟುತ್ತಾ ಜಿಗಿದು ಉಳಿಸಿಕೊಳ್ಳಲು ಹೋಗಬೇಡಿ. ಪಾದ ಉಳುಕುವುದು ಆ ಜಿಗಿತದಲ್ಲಿ.

ಗೋಡೆಯ ಬಗ್ಗೆ ಹೇಳಲೇಬೇಕು. ಗೋಡೆ ಹಿಡಿದರೆ ಅದು ಆಸನವೇ ಅಲ್ಲ ಎನ್ನುವವರಿದ್ದಾರೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರ ಬಳಿ ಕಲಿತು, ಪುಣೆಯಲ್ಲಿ ನೆಲೆಸಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಗೋಡೆ, ಕುರ್ಚಿ, ಪಟ್ಟಿ, ಮರದ ಇಟ್ಟಿಗೆಗಳನ್ನು ಅಭ್ಯಾಸದ ಭಾಗವನ್ನಾಗಿಯೇ ಮಾಡಿದರು. ಗೋಡೆಗೆ ಒರಗುವುದಕ್ಕೂ ಗೋಡೆಯನ್ನು ಮುಟ್ಟುವುದಕ್ಕೂ ವ್ಯತ್ಯಾಸವಿದೆ. ಬೆರಳ ತುದಿಯಿಂದ 100 ಗ್ರಾಂ ತೂಕಕ್ಕಿಂತ ಕಡಿಮೆ ಒತ್ತಡದಲ್ಲಿ ಮುಟ್ಟಿದರೂ ದೇಹದ ತೂಗಾಟ ಗಣನೀಯವಾಗಿ ಕಡಿಮೆಯಾಗುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಅಷ್ಟು ಹಗುರ ಒತ್ತಡ ದೇಹವನ್ನು ಹಿಡಿದು ನಿಲ್ಲಿಸಲಾರದು. ಯಾವ ಕಡೆಗೆ ವಾಲುತ್ತಿದ್ದೇವೆಂದು ಆ ಬೆರಳು ಮಿದುಳಿಗೆ ಹೇಳುತ್ತದೆ, ಕಾಲು ತಿದ್ದಿಕೊಳ್ಳುತ್ತದೆ. ಆದ್ದರಿಂದ ಮೊದಲು ಎರಡು ಬೆರಳು, ಆಮೇಲೆ ಒಂದು, ಆಮೇಲೆ ಗೋಡೆಗೆ ಒಂದಿಂಚು ದೂರದಲ್ಲಿ ಕೈ.

ಕಣ್ಣು ಮುಚ್ಚಿ ಮಾಡುವುದು ಬೇರೆಯೇ ಮಟ್ಟ. ಕಣ್ಣು ತೆರೆದು ಆರಾಮವಾಗಿ ಅರ್ಧ ನಿಮಿಷ ನಿಲ್ಲುವ ಯುವಕರೂ ಕಣ್ಣು ಮುಚ್ಚಿದರೆ ಹತ್ತು ಹದಿನೈದು ಸೆಕೆಂಡಿನಲ್ಲಿ ಕಾಲು ಕೆಳಗಿಡುವುದು ಸಾಮಾನ್ಯ. ಗೋಡೆಯ ಪಕ್ಕದಲ್ಲಿ ಮಾತ್ರ ಪ್ರಯತ್ನಿಸಿ. ಹಲ್ಲುಜ್ಜುವಾಗ ಒಂಟಿಗಾಲಲ್ಲಿ ನಿಲ್ಲಿ ಎಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ. ನಮ್ಮ ಬಚ್ಚಲುಮನೆಗಳ ನೆಲ ಸದಾ ಒದ್ದೆ. ದಯವಿಟ್ಟು ಅಲ್ಲಿ ಬೇಡ.

ಮುಗಿಸುವ ಮುನ್ನ ಸಭೆಯಿಂದ ಬಂದ ಕೆಲವು ಪ್ರಶ್ನೆಗಳು.

ಹತ್ತು ಸೆಕೆಂಡು ಒಂಟಿಗಾಲಲ್ಲಿ ನಿಲ್ಲಲಾಗದಿದ್ದರೆ ಆಯಸ್ಸು ಕಡಿಮೆ ಎಂದು ಓದಿದ್ದೇವೆ, ನಿಜವೇ ಎಂದು ಹಿರಿಯರೊಬ್ಬರು ಕೇಳಿದ್ದಾರೆ. ಆ ಸುದ್ದಿಯ ಮೂಲ 2022ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಅಧ್ಯಯನ. 51ರಿಂದ 75 ವಯಸ್ಸಿನ 1,702 ಜನರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಹತ್ತು ಸೆಕೆಂಡು ನಿಲ್ಲಲಾಗಲಿಲ್ಲ, ಮುಂದಿನ ವರ್ಷಗಳಲ್ಲಿ ಅವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಆ ಗುಂಪಿನಲ್ಲಿ ಮಧುಮೇಹ, ಬೊಜ್ಜು, ಹೃದ್ರೋಗ ಇರುವವರೂ ಹೆಚ್ಚಿದ್ದರು. ನಿಲ್ಲಲಾಗದಿರುವುದು ಆರೋಗ್ಯ ಕುಂದಿರುವುದರ ಒಂದು ಗುರುತು, ಸಾವಿಗೆ ಅದೇ ಕಾರಣ ಎಂದು ಆ ಅಧ್ಯಯನ ಹೇಳುವುದಿಲ್ಲ. ಮನೆಯಲ್ಲಿ ಒಬ್ಬರೇ ಇದ್ದಾಗ ಪರೀಕ್ಷೆ ಮಾಡಿ ಬೀಳಬೇಡಿ.

ಮಧುಮೇಹದಿಂದ ಅಂಗಾಲು ಜೋಮು ಹಿಡಿದಂತಿರುತ್ತದೆ, ಮಾಡಬಹುದೇ? ಪಾದದಿಂದ ಬರಬೇಕಾದ ಸುದ್ದಿ ನಿಮಗೆ ಅರ್ಧ ಮಾತ್ರ ಬರುತ್ತದೆ. ಮೂಲೆಯಲ್ಲಿ ಬೆನ್ನಿಗೆ ಗೋಡೆ, ಮುಂದೆ ಗಟ್ಟಿ ಕುರ್ಚಿಯ ಬೆನ್ನು ಇಟ್ಟುಕೊಂಡು ಬೆರಳತುದಿ ನೆಲದಲ್ಲಿರುವ ಮೊದಲ ಮಟ್ಟವನ್ನೇ ಮಾಡಿ. ಮುಗಿದ ಮೇಲೆ ಅಂಗಾಲಿನಲ್ಲಿ ಗಾಯವಾಗಿದೆಯೇ ಎಂದು ಕಣ್ಣಿನಿಂದಲೇ ನೋಡಿಕೊಳ್ಳಿ. ತಲೆಸುತ್ತು ಇರುವವರು, ರಕ್ತದೊತ್ತಡದ ಮಾತ್ರೆ ಬದಲಾದವರು, ಗರ್ಭಿಣಿಯರು ಸಹ ಆಸರೆಯಿಲ್ಲದೆ ಮಾಡುವುದು ಬೇಡ. ಮಂಡಿ ಬದಲಿ ಶಸ್ತ್ರಚಿಕಿತ್ಸೆ ಆದವರು ಮೊದಲು ವೈದ್ಯರನ್ನು ಕೇಳಿ.

ಬಲಗಾಲಿನ ಮೇಲೆ ಬರುತ್ತದೆ, ಎಡಗಾಲಿನ ಮೇಲೆ ಬರುವುದಿಲ್ಲ. ಯಾವಾಗಲಾದರೂ ಎಡ ಪಾದ ಉಳುಕಿತ್ತೇ ಎಂದು ನೆನಪಿಸಿಕೊಳ್ಳಿ. ಉಳುಕು ವಾಸಿಯಾದ ಮೇಲೂ ಆ ಕೀಲಿನ ಸ್ಥಾನಜ್ಞಾನ, ಅಂದರೆ ಕೀಲು ಯಾವ ಕಡೆಗೆ ಎಷ್ಟು ಬಾಗಿದೆ ಎಂಬ ಅರಿವು, ಮಂದವಾಗಿಯೇ ಉಳಿಯುವುದುಂಟು, ಫಿಸಿಯೋಥೆರಪಿಯಲ್ಲಿ ಒಂಟಿಗಾಲಿನ ಅಭ್ಯಾಸ ಮಾಡಿಸುವುದು ಅದಕ್ಕೇ. ಬಾರದ ಕಡೆಯಿಂದ ಶುರು ಮಾಡಿ, ಬರುವ ಕಡೆ ಒಂದು ಸಲ ಮಾಡಿ, ಮತ್ತೆ ಬಾರದ ಕಡೆ ಇನ್ನೊಂದು ಸಲ ಮಾಡಿ.

ಇದಾದ ಮೇಲೆ ಮುಂದಿನ ಆಸನ ಯಾವುದು? ಮೈಸೂರಿನ ಅಷ್ಟಾಂಗ ಪದ್ಧತಿಯ ಮೊದಲ ಸರಣಿಯಲ್ಲಿ ಬರುವ ಉತ್ಥಿತ ಹಸ್ತ ಪಾದಾಂಗುಷ್ಠಾಸನ. ಒಂಟಿಗಾಲಲ್ಲಿ ನಿಂತು ಇನ್ನೊಂದು ಕಾಲನ್ನು ಮುಂದಕ್ಕೆ ಚಾಚಿ ಹೆಬ್ಬೆರಳು ಹಿಡಿಯುವುದು. ಅಲ್ಲಿ ಒಳತೊಡೆಗೆ ಪಾದದ ಆಸರೆ ಇರುವುದಿಲ್ಲ, ಚಾಚಿದ ಕಾಲಿನ ತೂಕ ಮುಂದಕ್ಕೆ ಎಳೆಯುತ್ತದೆ. ವೃಕ್ಷಾಸನದಲ್ಲಿ ಎರಡೂ ಕಡೆ ಎಂಟು ಉಸಿರು ನಿಂತು, ಸೊಂಟದ ಮೇಲಿಟ್ಟ ಎರಡು ಬೆರಳುಗಳು ಕೊನೆಯ ಉಸಿರಿನಲ್ಲೂ ಒಂದೇ ಎತ್ತರದಲ್ಲಿದ್ದರೆ ಅದನ್ನು ಶುರು ಮಾಡಬಹುದು. ಮೊದಲು ಕಾಲು ಚಾಚದೆ ಮಂಡಿ ಮಡಚಿ ಹಿಡಿದು, ಗೋಡೆಯ ಪಕ್ಕದಲ್ಲಿ.